ಗ್ರೈಂಡರ್ ಕೆಟ್ಟಿತ್ತು, ನಾನು ‘ಮೋಸ’ ಎಂದೆ: ಕಾರ್ಡಿನ ದುಡ್ಡು ವಾಪಸ್ ಪಡೆದ ಕಥೆ

ದೋಸೆ ಹಿಟ್ಟಿನಲ್ಲಿ ಕಪ್ಪು ಎಳೆ ಕಂಡಾಗ ಉದ್ದಿನಬೇಳೆ ಸರಿಯಾಗಿ ತೊಳೆದಿಲ್ಲವೇನೋ ಅಂದುಕೊಂಡೆ. ಸೌಟಿನಲ್ಲಿ ತೆಗೆದು ನೋಡಿದರೆ ಗ್ರೀಸ್. ಬೆರಳಿಗೆ ಅಂಟಿದ್ದು ಸೋಪು ಹಾಕಿದರೂ ಹೋಗಲಿಲ್ಲ. ಗ್ರೈಂಡರ್ ಬಂದು ಎರಡೇ ದಿನ ಆಗಿತ್ತು, ಅದು ಮೊದಲನೇ ಸಲ ರುಬ್ಬಿದ್ದು. ಡ್ರಮ್ ತಿರುಗುವಾಗ ಒಂದು ಕಡೆ ವಾಲುತ್ತಿತ್ತು, ಒಳಗಿನ ಕಲ್ಲು ಸುತ್ತಿಗೊಮ್ಮೆ ಟಕ್ ಅಂತ ಬಡಿಯುತ್ತಿತ್ತು. ಅತ್ತೆ ಬಂದು ನಿಂತು ನೋಡಿದರು. "ತಿಪಟೂರಿನಲ್ಲೇ ತಗೊಂಡಿದ್ರೆ ಹೋಗಿ ಅಂಗಡಿಯವನ ಮುಂದೆ ಇಟ್ಟು ಬರಬಹುದಿತ್ತು, ಈಗ ಯಾರ ಮುಂದೆ ಇಡ್ತೀಯಮ್ಮ?" ಅಂದರು. ಒಂದೂವರೆ ಸೇರು ಅಕ್ಕಿಯ ಹಿಟ್ಟು ಚರಂಡಿಗೆ ಹೋಯಿತು.

ಫೋನಿನಲ್ಲಿ ಜಾಹೀರಾತು ನೋಡಿ, ಆ ಕಂಪನಿಯ ಸ್ವಂತ ವೆಬ್‌ಸೈಟಿನಲ್ಲೇ ಕ್ರೆಡಿಟ್ ಕಾರ್ಡ್ ಹಾಕಿ ತರಿಸಿದ್ದು. ₹6,499. ಕಂಪನಿ ಹೆಸರು ಇಲ್ಲಿ ಬೇಡ.

ಮರುದಿನವೇ ಅವರಿಗೆ ಮೇಲ್ ಮಾಡಿದೆ, ಫೋಟೋ ಹಾಕಿದೆ. ಮೂರು ದಿನ ಬಿಟ್ಟು ಉತ್ತರ ಬಂತು. ಬಾಕ್ಸ್ ಬಿಚ್ಚುವಾಗ ತೆಗೆದ ವೀಡಿಯೊ ಇದ್ದರೆ ಮಾತ್ರ ಬದಲಿ ಕೊಡುತ್ತಾರಂತೆ, ದುಡ್ಡು ವಾಪಸ್ ಅನ್ನೋದು ಅವರ ಪಾಲಿಸಿಯಲ್ಲೇ ಇಲ್ಲವಂತೆ. ಬಾಕ್ಸ್ ಬಿಚ್ಚುವಾಗ ಯಾರು ವೀಡಿಯೊ ಮಾಡ್ತಾರೆ? ಒಂದು ಕೈಯಲ್ಲಿ ಚಾಕು, ಇನ್ನೊಂದು ಕೈಯಲ್ಲಿ ಹನ್ನೆರಡು ಕೆಜಿ ಗ್ರೈಂಡರ್. ಫೋನಿನಲ್ಲಿ ಕೇಳಿದರೆ ಇನ್ನೊಂದು ಹೊಸ ವಿಷಯ ಹೇಳಿದರು, "ನಿಮ್ಮ ಪಿನ್‌ಕೋಡ್‌ಗೆ ಪಿಕಪ್ ಇಲ್ಲ ಮೇಡಂ". ತಂದು ಕೊಡುವಾಗ ಇದ್ದ ಪಿನ್‌ಕೋಡ್ ವಾಪಸ್ ತಗೊಂಡು ಹೋಗುವಾಗ ಎಲ್ಲಿ ಹೋಯಿತೋ.

ಹೀಗೇ ಹತ್ತು ದಿನ ಎಳೆದಾಡಿದ ಮೇಲೆ ಸಿಟ್ಟು ನೆತ್ತಿಗೇರಿ ಬ್ಯಾಂಕಿನ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ "ನನಗೆ ಮೋಸ ಆಗಿದೆ" ಅಂದೆ. ನಾನು ಮಾಡಿದ ದೊಡ್ಡ ತಪ್ಪು ಇದೇ. ಆ ಹುಡುಗ ತಕ್ಷಣ "ಫ್ರಾಡ್ ಅಂತ ದೂರು ದಾಖಲಿಸ್ತೀನಿ ಮೇಡಂ, ಕಾರ್ಡ್ ಬ್ಲಾಕ್ ಮಾಡ್ತೀನಿ" ಅಂದ, ನಾನು ಹೂಂ ಅಂದೆ. ಕಾರ್ಡ್ ಬ್ಲಾಕ್ ಆಯಿತು. ಅದಕ್ಕೆ ಜೋಡಿಸಿದ್ದ ಕರೆಂಟ್ ಬಿಲ್ಲು, ಮೊಬೈಲ್ ರೀಚಾರ್ಜ್ ಎಲ್ಲ ಫೇಲ್ ಆದವು. ಎರಡು ವಾರ ಆದ ಮೇಲೆ ಬ್ಯಾಂಕಿನಿಂದ ಒಂದು ಸಾಲು ಬಂತು: ಇದು ಒಟಿಪಿ ಹಾಕಿ ನೀವೇ ಮಾಡಿದ ವ್ಯವಹಾರ, ದೂರು ಮುಚ್ಚಲಾಗಿದೆ.

ಅವರ ಕಡೆಯಿಂದ ನೋಡಿದರೆ ಅದು ಸರಿಯೇ. ಬ್ಯಾಂಕಿನ ಭಾಷೆಯಲ್ಲಿ ಫ್ರಾಡ್ ಅಂದರೆ ಯಾರೋ ನನ್ನ ಕಾರ್ಡ್ ಬಳಸಿದ್ದಾರೆ ಅಂತ. ನಾನೇ ಬಳಸಿದ್ದೆ. ನನ್ನ ತಕರಾರು ಇದ್ದದ್ದು ವಸ್ತುವಿನ ಮೇಲೆ, ವ್ಯವಹಾರದ ಮೇಲೆ ಅಲ್ಲ. ಗೊತ್ತಿಲ್ಲದವರು ಖಾತೆಯಿಂದ ದುಡ್ಡು ಎಳೆದರೆ ಮೂರು ಕೆಲಸದ ದಿನದೊಳಗೆ ತಿಳಿಸಿ ಅಂತ ಹೇಳ್ತಿದ್ರಲ್ಲ, ರಿಸರ್ವ್ ಬ್ಯಾಂಕಿನ ಆ ನಿಯಮ ಇಂಥದ್ದಕ್ಕೆ ಅನ್ವಯ ಆಗೋದೇ ಇಲ್ಲ. ನನ್ನ ತಮ್ಮನೂ ಅದನ್ನೇ ಹಿಡಿದುಕೊಂಡು "ಅಕ್ಕಾ, ಮೂರು ದಿನ ದಾಟಿತು, ಬಿಟ್ಟುಬಿಡು" ಅಂದಿದ್ದ. ಬಿಟ್ಟಿದ್ದರೆ ಅಲ್ಲಿಗೇ ಮುಗೀತಿತ್ತು.

ನನಗೆ ಬೇಕಾಗಿದ್ದದ್ದು ಚಾರ್ಜ್‌ಬ್ಯಾಕ್. ನಮ್ಮ ಬ್ಯಾಂಕು ಕಾರ್ಡ್ ನೆಟ್‌ವರ್ಕ್ ಮೂಲಕ ಮಾರಿದವರ ಬ್ಯಾಂಕಿಗೆ ಹೇಳಿ ದುಡ್ಡನ್ನು ವಾಪಸ್ ಎಳೆಯುತ್ತದೆ, ಮಾರಿದವರಿಗೆ ಉತ್ತರ ಕೊಡಲು ಒಂದು ಅವಕಾಶ ಇರುತ್ತದೆ. ಇದು ವೀಸಾ, ಮಾಸ್ಟರ್‌ಕಾರ್ಡ್‌ನವರ ನಿಯಮದಲ್ಲಿ ಇರುವುದು, ಡೆಬಿಟ್ ಕಾರ್ಡಿಗೂ ಆಗುತ್ತದೆ. ರುಪೇ ಕಾರ್ಡಿಗೆ, ಅದನ್ನು ನಡೆಸುವ ಎನ್‌ಪಿಸಿಐ ಸಂಸ್ಥೆಯ ಪ್ರತ್ಯೇಕ ನಿಯಮ ಇದೆ. ಕಾರಣಕ್ಕೊಂದು ಕೋಡ್ ಇರುತ್ತದೆ. ಹೇಳಿದಂತೆ ಇಲ್ಲದ ಅಥವಾ ಕೆಟ್ಟಿರುವ ವಸ್ತು ಅನ್ನೋದಕ್ಕೆ ವೀಸಾದಲ್ಲಿ 13.3. ನಾವು ಈ ನಂಬರ್ ಬರೆಯಬೇಕಾಗಿಲ್ಲ, ಆದರೆ ಬ್ಯಾಂಕಿನ ತಕರಾರು ಫಾರಂನಲ್ಲಿ ಟಿಕ್ ಹಾಕುವ ಜಾಗ ಸರಿ ಇರಬೇಕು. ವಸ್ತು ಬಂದೇ ಇಲ್ಲ, ಎರಡು ಸಲ ದುಡ್ಡು ಕಟ್ ಆಗಿದೆ, ವಸ್ತು ದೋಷಪೂರಿತ, ನಾನು ಮಾಡಿದ ವ್ಯವಹಾರ ಅಲ್ಲ, ಎಲ್ಲವೂ ಬೇರೆ ಬೇರೆ ಸಾಲಿನಲ್ಲಿ ಇವೆ. ಗಡುವು ಸಾಮಾನ್ಯವಾಗಿ 120 ದಿನ. ಹಾಗಂತ ಸುಮ್ನೆ ಕೂರಬೇಡಿ, ಬ್ಯಾಂಕಿನ ಫಾರಂನಲ್ಲಿ ಅದಕ್ಕಿಂತ ಕಡಿಮೆ ದಿನ ಹಾಕಿರಬಹುದು.

ಈ ಸಲ ಫೋನ್ ಮಾಡಲಿಲ್ಲ. ಕೂತು ಕಾಗದ ಜೋಡಿಸಿದೆ.

ಮೊದಲು ಗ್ರೈಂಡರನ್ನು ಆಟೋದಲ್ಲಿ ಹಾಕಿಕೊಂಡು ಬಸ್ ಸ್ಟ್ಯಾಂಡ್ ಹತ್ತಿರದ ಮಿಕ್ಸಿ ರಿಪೇರಿ ಅಂಗಡಿಗೆ ಹೋದೆ. ಅಂಗಡಿಯವರು ಡ್ರಮ್ ಎತ್ತಿ, ಕೆಳಗಿನ ಶಾಫ್ಟ್ ಪಕ್ಕ ಒಂದು ಸ್ಟೀಲ್ ಸ್ಕೇಲ್ ಹಿಡಿದು, ಕೈಯಲ್ಲೇ ನಿಧಾನ ತಿರುಗಿಸಿದರು. ಅರ್ಧ ಸುತ್ತಿಗೆ ಸ್ಕೇಲಿಗೆ ತಾಗುತ್ತದೆ, ಇನ್ನರ್ಧ ಸುತ್ತಿಗೆ ದೂರ ಹೋಗುತ್ತದೆ. "ನೋಡಿ ಮೇಡಂ, ಶಾಫ್ಟೇ ಸೊಟ್ಟ. ಅದಕ್ಕೇ ಸೀಲ್ ಕೂರ್ತಿಲ್ಲ, ಗ್ರೀಸ್ ಮೇಲೆ ಬರ್ತಿದೆ. ಇದು ಬಿದ್ದು ಆಗಿರೋದಲ್ಲ, ಬಾಡಿ ಮೇಲೆ ಒಂದು ಗೀರೂ ಇಲ್ಲ" ಅಂದರು. ಅದನ್ನೇ ಅವರ ಬಿಲ್ ಪುಸ್ತಕದ ಹಾಳೆಯಲ್ಲಿ ಬರೆಸಿಕೊಂಡು ಸೀಲು ಹಾಕಿಸಿಕೊಂಡೆ. ನೂರು ರೂಪಾಯಿ ಕೊಡಲು ಹೋದರೆ ಐವತ್ತು ತಗೊಂಡರು. ಸ್ಕೇಲ್ ಹಿಡಿದು ತಿರುಗಿಸುವ ವೀಡಿಯೊ ಕೂಡ ಮಾಡಿಕೊಂಡೆ. ಕೊನೆಗೆ ಕೇಸ್ ನಿಂತದ್ದೇ ಆ ಒಂದು ಹಾಳೆಯ ಮೇಲೆ ಅಂತ ನನಗನಿಸುತ್ತದೆ.

ಆಮೇಲೆ ಮಾರಿದವರಿಗೆ ಇನ್ನೊಂದು ಮೇಲ್. ಬೈಗುಳ ಇಲ್ಲ, ಮೂರೇ ಸಾಲು. ವಸ್ತು ಹೀಗೆ ಕೆಟ್ಟಿದೆ, ವಾಪಸ್ ಕಳಿಸಲು ನಾನು ಸಿದ್ಧ, ಪಿಕಪ್ ಕಳಿಸಿ ಇಲ್ಲವೇ ವಿಳಾಸ ಕೊಡಿ, ಏಳು ದಿನದೊಳಗೆ ದುಡ್ಡು ವಾಪಸ್ ಬರದಿದ್ದರೆ ಬ್ಯಾಂಕಿನಲ್ಲಿ ತಕರಾರು ಹಾಕುತ್ತೇನೆ. ಇದನ್ನು ಬರೆಯಲೇಬೇಕು. ಕೆಟ್ಟ ವಸ್ತು ಅಂತ ಚಾರ್ಜ್‌ಬ್ಯಾಕ್ ಕೇಳುವವರು ಅದನ್ನು ವಾಪಸ್ ಕೊಟ್ಟಿರಬೇಕು, ಇಲ್ಲಾ ಕೊಡಲು ಪ್ರಯತ್ನ ಪಟ್ಟಿದ್ದಕ್ಕೆ ಸಾಕ್ಷಿ ಇರಬೇಕು. ವಸ್ತುವನ್ನೂ ಇಟ್ಟುಕೊಂಡು ದುಡ್ಡನ್ನೂ ಕೇಳಿದರೆ ಯಾರು ಒಪ್ತಾರೆ, ಅಲ್ವಾ? ಅದೇ ಮೇಲ್‌ನಲ್ಲಿ 2020ರ ಇ-ಕಾಮರ್ಸ್ ನಿಯಮದ ಮಾತನ್ನೂ ಸೇರಿಸಿದೆ. ದೋಷ ಇರುವ ವಸ್ತುವನ್ನು ವಾಪಸ್ ತಗೊಳ್ಳಲ್ಲ, ದುಡ್ಡು ಕೊಡಲ್ಲ ಅನ್ನುವ ಹಾಗಿಲ್ಲ. ದೂರು ಕೊಟ್ಟರೆ 48 ಗಂಟೆಯಲ್ಲಿ ತಲುಪಿದೆ ಅಂತ ಹೇಳಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಅವರ ಪಾಲಿಸಿ ಪುಟದಲ್ಲಿ ಏನೇ ಬರೆದುಕೊಂಡಿರಲಿ.

ಉತ್ತರ ಬರಲಿಲ್ಲ. ಬರದಿದ್ದದ್ದೂ ಒಂದು ಸಾಕ್ಷಿಯಾಯಿತು.

ಎಂಟನೇ ದಿನ ಫಾರಂ ತುಂಬಿದೆ. ಬಿಲ್ಲು, ವೆಬ್‌ಸೈಟಿನಲ್ಲಿ ಆ ಗ್ರೈಂಡರ್ ಬಗ್ಗೆ ಬರೆದಿದ್ದರ ಸ್ಕ್ರೀನ್‌ಶಾಟ್, ಮೇಲ್‌ಗಳು ತಾರೀಖಿನ ಪ್ರಕಾರ, ಫೋಟೋ, ರಿಪೇರಿಯವರ ಹಾಳೆ, ಎಲ್ಲ ಸೇರಿಸಿ ಒಂದೇ ಪಿಡಿಎಫ್ ಮಾಡಿದೆ. ಮೇಲೆ ಅರ್ಧ ಪುಟದ ಪತ್ರ. ಮೊದಲ ಸಾಲೇ ಹೀಗೆ: ಈ ವ್ಯವಹಾರ ನಾನೇ ಮಾಡಿದ್ದು, ಇದು ಫ್ರಾಡ್ ದೂರು ಅಲ್ಲ, ಬಂದ ವಸ್ತು ದೋಷಪೂರಿತ. ಹಳೇ ದೂರಿನ ನಂಬರನ್ನೂ ಹಾಕಿ, ಅದು ತಪ್ಪು ವಿಭಾಗದಲ್ಲಿ ದಾಖಲಾಗಿತ್ತು ಅಂತ ಬರೆದೆ. ಮಧ್ಯೆ ಕಾರ್ಡ್ ನಂಬರ್ ಬದಲಾಗಿದೆಯಲ್ಲ ಅಂತ ಭಯ ಇತ್ತು. ಖಾತೆ ಅದೇ ಆದ್ದರಿಂದ ಏನೂ ತೊಂದರೆ ಆಗಲಿಲ್ಲ.

ಅಷ್ಟರಲ್ಲಿ ಕಾರ್ಡಿನ ಬಿಲ್ಲು ಬಂತು. ತಕರಾರು ಇದೆಯಲ್ಲ, ₹6,499 ಬಿಟ್ಟು ಉಳಿದದ್ದು ಕಟ್ಟೋಣ ಅಂತ ಆಸೆಯಾಯಿತು, ಆದರೆ ಪೂರ್ತಿ ಕಟ್ಟಿಬಿಟ್ಟೆ. ರಿಸರ್ವ್ ಬ್ಯಾಂಕಿನ ಕಾರ್ಡ್ ನಿರ್ದೇಶನದಲ್ಲಿ, ತಕರಾರು ಮುಗಿಯುವ ತನಕ ಶುಲ್ಕ ಹಾಕಬಾರದು ಅಂತ ಹೇಳಿರುವುದು ಫ್ರಾಡ್ ಅಂತ ತಕರಾರು ಹಾಕಿದ ವ್ಯವಹಾರಕ್ಕೆ. ನನ್ನದು ಅದಲ್ಲ. ಆರು ಸಾವಿರಕ್ಕೆ ಹಟ ಮಾಡಿ ಬಡ್ಡಿ, ಲೇಟ್ ಫೀ, ಅದರ ಮೇಲೆ ಜಿಎಸ್‌ಟಿ ಕಟ್ಟೋದು ಯಾಕೆ?

ಒಂಬತ್ತು ದಿನಕ್ಕೆ ಖಾತೆಗೆ ತಾತ್ಕಾಲಿಕವಾಗಿ ದುಡ್ಡು ಜಮಾ ಆಯಿತು. ಮನೆಯಲ್ಲಿ ಎಲ್ಲರಿಗೂ ಹೇಳಿಕೊಂಡು ಓಡಾಡಿದೆ. ಐದು ವಾರ ಕಳೆದು ಅದನ್ನು ವಾಪಸ್ ಕಿತ್ತುಕೊಂಡರು! ಮಾರಿದವರು ಉತ್ತರ ಕೊಟ್ಟಿದ್ದರು, ಕೊರಿಯರ್‌ನವರ ಡೆಲಿವರಿ ಕಾಗದ, ಅದರಲ್ಲಿ ನಮ್ಮ ಮಾವನ ಸಹಿ. ವಸ್ತು ತಲುಪಿದೆ, ಆದ್ದರಿಂದ ದುಡ್ಡು ಕೊಡಬೇಕಿಲ್ಲ ಅಂತ. ಹತ್ತು ದಿನದೊಳಗೆ ಉತ್ತರಿಸಿ ಅಂತ ಬ್ಯಾಂಕಿನ ಮೇಲ್ ಇತ್ತು, ಅದು ಜಾಹೀರಾತಿನ ಮೇಲ್‌ಗಳ ನಡುವೆ ಹೂತುಹೋಗಿತ್ತು, ನಾನು ನೋಡಿದ್ದು ಆರನೇ ದಿನ. ಎದೆ ಧಸಕ್ ಅಂತು. ಆಮೇಲೆ ಅವರ ಕಾಗದವನ್ನು ಎರಡು ಸಲ ಓದಿದಾಗ ನಗು ಬಂತು. ತಲುಪಿಲ್ಲ ಅಂತ ನಾನೆಲ್ಲಿ ಹೇಳಿದ್ದೆ? ಅದನ್ನೇ ಬರೆದೆ: ತಲುಪಿದ್ದನ್ನು ಮೊದಲ ದಿನದಿಂದ ಒಪ್ಪಿದ್ದೇನೆ, ನನ್ನ ದೂರು ಸೊಟ್ಟ ಶಾಫ್ಟಿನ ಬಗ್ಗೆ, ಅದರ ಬಗ್ಗೆ ಅವರು ಒಂದಕ್ಷರ ಹೇಳಿಲ್ಲ, ವಾಪಸ್ ತಗೊಳ್ಳಿ ಅಂದ ಮೇಲ್‌ಗೂ ಉತ್ತರ ಇಲ್ಲ. ರಿಪೇರಿಯವರ ಹಾಳೆಯನ್ನು ಮತ್ತೆ ಲಗತ್ತಿಸಿದೆ.

ಕಾಯುವಾಗ ಸುಮ್ಮನಿರಲಾಗದೆ 1915ಕ್ಕೂ ಫೋನ್ ಮಾಡಿದೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೇ ಮಾತಾಡಿದರು, ದೂರನ್ನು ಕಂಪನಿಗೆ ಕಳಿಸಿದರು. ಅವರು ಆದೇಶ ಹೊರಡಿಸುವವರಲ್ಲ, ಮಧ್ಯೆ ನಿಂತು ಕೇಳುವವರು ಅಷ್ಟೇ. ನನ್ನ ವಿಷಯದಲ್ಲಿ ಅದರಿಂದ ಏನಾದರೂ ಕದಲಿತಾ ಅಂತ ಹೇಳಲಾರೆ. ಇದೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗೋದು ಅಂತ ತೀರ್ಮಾನ ಮಾಡಿದ್ದೆ. ಐದು ಲಕ್ಷದವರೆಗಿನ ವಸ್ತುವಿಗೆ ಅಲ್ಲಿ ಶುಲ್ಕವೇ ಇಲ್ಲ, ವಕೀಲರು ಇಲ್ಲದೆಯೂ ನಾವೇ ವಾದಿಸಬಹುದು, ನಾವಿರುವ ಜಿಲ್ಲೆಯಲ್ಲೇ ಹಾಕಬಹುದು. ಬ್ಯಾಂಕೇ 30 ದಿನ ಉತ್ತರ ಕೊಡದಿದ್ದರೆ ಬ್ಯಾಂಕಿನ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ. ಎರಡೂ ಬೇಕಾಗಲಿಲ್ಲ.

ಇನ್ನೊಂದು ಮೂರು ವಾರಕ್ಕೆ ದುಡ್ಡು ಮತ್ತೆ ಜಮಾ ಆಯಿತು, ಈ ಸಲ ‘ಅಂತಿಮ’ ಅನ್ನುವ ಮಾತಿನ ಜೊತೆಗೆ. ಬಿಲ್ಲು ನಾನು ಆಗಲೇ ಕಟ್ಟಿದ್ದರಿಂದ ಕಾರ್ಡಿನಲ್ಲಿ ಜಾಸ್ತಿ ದುಡ್ಡು ಕೂತಿತ್ತು. ಮುಂದಿನ ಖರ್ಚಿಗೆ ಹೊಂದಿಸಿಕೊಳ್ಳಲೇ ಅಂತ ಬ್ಯಾಂಕಿನಿಂದ ಮೆಸೇಜ್ ಬಂತು. ಇಂಥ ಮೊತ್ತ ಕಾರ್ಡ್ ಮಿತಿಯ ಶೇ 1 ಅಥವಾ ₹5,000, ಇದರಲ್ಲಿ ಯಾವುದು ಕಡಿಮೆಯೋ ಅದನ್ನು ದಾಟಿದರೆ ಅವರು ಹಾಗೆ ಕೇಳಲೇಬೇಕು. ಬೇಡ, ಉಳಿತಾಯ ಖಾತೆಗೇ ಹಾಕಿ ಅಂದೆ, ಹಾಕಿದರು.

ಹೊಸ ಗ್ರೈಂಡರನ್ನು ಅತ್ತೆಯೇ ಪೇಟೆಗೆ ಹೋಗಿ, ಅಂಗಡಿಯಲ್ಲೇ ನೀರು ಹಾಕಿ ಹತ್ತು ನಿಮಿಷ ಓಡಿಸಿ ನೋಡಿ ತಂದರು. ಹಳೇದು ಬಾಕ್ಸಿನಲ್ಲೇ ಅಟ್ಟದ ಮೇಲಿದೆ. ಕಂಪನಿಯವರು ಇವತ್ತಿನವರೆಗೂ ಕೇಳಿಲ್ಲ, ಕೇಳಿದರೆ ಕೊಡಬೇಕಲ್ಲ ಅಂತ ಇಟ್ಟಿದ್ದೇನೆ. ಅತ್ತೆ ಮಾತ್ರ ಅದರೊಳಗಿನ ಕಲ್ಲಿನ ಮೇಲೆ ಕಣ್ಣು ಹಾಕಿದ್ದಾರೆ, ಉಪ್ಪಿನಕಾಯಿ ಜಾಡಿ ಮೇಲೆ ಭಾರಕ್ಕೆ ಇಡೋಕೆ ಸರಿಯಾಗುತ್ತಂತೆ.