ಸಂಗಾತಿಗೆ ಅಮೆರಿಕದ ಗ್ರೀನ್ ಕಾರ್ಡ್: ಡಾಲರ್ ಕಟ್ಟುವ ಮೊದಲು ನಮ್ಮೂರ ಕಾಗದ ಸರಿಮಾಡಿಕೊಳ್ಳಿ

ಗಂಡ ಅಮೆರಿಕದಲ್ಲಿ, ಹೆಂಡತಿ ಸಿಂಧನೂರಿನಲ್ಲಿ. ಅಥವಾ ಹೆಂಡತಿ ಅಲ್ಲಿ, ಗಂಡ ಬಳ್ಳಾರಿಯಲ್ಲಿ. ಇಲ್ಲಿರುವವರನ್ನು ಗ್ರೀನ್ ಕಾರ್ಡ್ ಮೇಲೆ, ಅಂದರೆ ಅಲ್ಲಿ ಕಾಯಂ ನೆಲೆಸುವ ಹಕ್ಕಿನ ಮೇಲೆ ಕರೆಸಿಕೊಳ್ಳಬೇಕೆಂದರೆ, ಅಲ್ಲಿರುವವರು ಯಾವ ಹಕ್ಕಿನ ಮೇಲೆ ಅಲ್ಲಿದ್ದಾರೆ ಎಂಬುದನ್ನು ಮೊದಲು ನೋಡಬೇಕು. ಎಚ್-1ಬಿ ಎಂಬ ತಾತ್ಕಾಲಿಕ ಕೆಲಸದ ವೀಸಾ ಮೇಲಿರುವವರು ಸಂಬಳ ಎಷ್ಟೇ ಇದ್ದರೂ ಈ ಅರ್ಜಿ ಹಾಕುವಂತಿಲ್ಲ. ಅವರ ಸಂಗಾತಿಗೆ ಸಿಗುವುದು ಎಚ್-4, ಅದು ತಾತ್ಕಾಲಿಕ ವೀಸಾ. ಸ್ಪಾನ್ಸರ್ ಮಾಡಲು ಒಂದೋ ಅಮೆರಿಕದ ಪೌರತ್ವ ಇರಬೇಕು, ಇಲ್ಲವೇ ಗ್ರೀನ್ ಕಾರ್ಡ್ ಇರಬೇಕು.

ಈ ಎರಡಕ್ಕೂ ದೊಡ್ಡ ವ್ಯತ್ಯಾಸವಿದೆ. ಪೌರರ ಗಂಡ ಅಥವಾ ಹೆಂಡತಿಗೆ ವರ್ಷಕ್ಕಿಷ್ಟೇ ವೀಸಾ ಎಂಬ ಮಿತಿ ಇಲ್ಲ. ಕಾಗದಗಳ ಪರಿಶೀಲನೆ ಮುಗಿಯುವ ತನಕ ಕಾದರೆ ಸಾಕು. ಗ್ರೀನ್ ಕಾರ್ಡಿನವರ ಸಂಗಾತಿ ಎಫ್-2ಎ ಸಾಲಿಗೆ ಸೇರುತ್ತಾರೆ. ಅಲ್ಲಿ ಮಿತಿ ಇದೆ. ಅರ್ಜಿ ಅಮೆರಿಕದ ವಲಸೆ ಇಲಾಖೆಗೆ ತಲುಪಿದ ದಿನವೇ ನಿಮ್ಮ ಪಾಳಿಯ ದಿನಾಂಕ. ಆ ದಿನಾಂಕ ಬಂತೋ ಇಲ್ಲವೋ ಎಂದು ಅಮೆರಿಕದ ವಿದೇಶಾಂಗ ಇಲಾಖೆ ಪ್ರತಿ ತಿಂಗಳು ಪ್ರಕಟಿಸುವ ವೀಸಾ ಬುಲೆಟಿನ್‌ನಲ್ಲಿ ನೋಡಬೇಕು. ನಡುವೆ ಸ್ಪಾನ್ಸರ್‌ಗೆ ಪೌರತ್ವ ಬಂದರೆ ಪ್ರಮಾಣಪತ್ರದ ಪ್ರತಿ ಕಳಿಸಿ ಅರ್ಜಿಯನ್ನು ಪೌರರ ಸಾಲಿಗೆ ಏರಿಸಿಕೊಳ್ಳಬಹುದು. ಮಕ್ಕಳಿದ್ದರೆ ಇಲ್ಲಿ ಹುಷಾರು. ಎಫ್-2ಎ ಸಾಲಿನಲ್ಲಿ 21 ವರ್ಷದೊಳಗಿನ ಮಗು ತಾಯಿ ಅಥವಾ ತಂದೆಯ ಅರ್ಜಿಯ ಜೊತೆಗೇ ಹೋಗುತ್ತದೆ. ಪೌರರ ಸಾಲಿನಲ್ಲಿ ಹಾಗೆ ಹೋಗುವುದಿಲ್ಲ, ಪ್ರತಿ ಮಗುವಿಗೂ ಬೇರೆ ಐ-130, ಅಂದರೆ ಮನೆಯವರನ್ನು ಕರೆಸಿಕೊಳ್ಳುವ ಮೊದಲ ಅರ್ಜಿ, ಹಾಕಬೇಕು. ಪೌರತ್ವ ಬಂದ ಖುಷಿಯಲ್ಲಿ ಇದನ್ನು ಮರೆತರೆ ತಾಯಿಗೆ ವೀಸಾ ಬರುತ್ತದೆ, ಮಗು ಊರಲ್ಲೇ ಉಳಿಯುತ್ತದೆ.

ಹೆಸರು, ಊರು, ಜಿಲ್ಲೆ

ಅಮೆರಿಕದ ಕಚೇರಿಯ ವೇಗ ನಿಮ್ಮ ಕೈಲಿಲ್ಲ. ತಾಲ್ಲೂಕು ಕಚೇರಿ, ಸಬ್ ರಿಜಿಸ್ಟ್ರಾರ್, ಶಾಲೆ, ಪಾಸ್‌ಪೋರ್ಟ್ ಇವು ನಿಮ್ಮ ಕೈಲಿವೆ. ಹಾಗಾಗಿ ಶುಲ್ಕ ಕಟ್ಟುವ ಮೊದಲು ಎಲ್ಲ ದಾಖಲೆಗಳನ್ನೂ ಒಂದು ಮೇಜಿನ ಮೇಲೆ ಹರವಿ, ಪಾಸ್‌ಪೋರ್ಟನ್ನು ಪಕ್ಕಕ್ಕಿಟ್ಟುಕೊಂಡು ಅಕ್ಷರ ಅಕ್ಷರ ಹೋಲಿಸಿ ನೋಡಿ.

ನಮ್ಮ ಭಾಗದಲ್ಲಿ ಏನೇನು ತಪ್ಪಿರುತ್ತದೆ ಎಂದು ಮೊದಲೇ ಹೇಳಬಹುದು. ಶಾಲೆಯಲ್ಲಿ ವೀರೇಶ, ಜನನ ನೋಂದಣಿಯಲ್ಲಿ ಈರೇಶ. ಆಧಾರ್‌ನಲ್ಲಿ ವಿರೂಪಾಕ್ಷಪ್ಪ, ಮಗಳ ಅಂಕಪಟ್ಟಿಯಲ್ಲಿ ತಂದೆಯ ಹೆಸರು ಈರುಪಾಕ್ಷಿ. ಇನ್ನು ಇಂಗ್ಲಿಷ್ ಕಾಗುಣಿತ. ಹಳೆಯ ದಾಖಲೆಗಳಲ್ಲಿ ಬೆಳ್ಳಾರಿ ಎಂದು ಓದಿಸಿಕೊಳ್ಳುವ ಸ್ಪೆಲ್ಲಿಂಗ್ ಇದ್ದರೆ, 2014ರ ನವೆಂಬರ್ 1ರ ನಂತರದವುಗಳಲ್ಲಿ ಬಳ್ಳಾರಿ. ಜಿಲ್ಲೆಯದೂ ಇದೇ ಕಥೆ. ಗಂಗಾವತಿಯಲ್ಲಿ 1990ರಲ್ಲಿ ಹುಟ್ಟಿದವರ ದಾಖಲೆಯಲ್ಲಿ ರಾಯಚೂರು ಜಿಲ್ಲೆ ಎಂದಿರುತ್ತದೆ, ಕೊಪ್ಪಳ ಬೇರೆಯಾದದ್ದು 1997ರಲ್ಲಿ. ಹೊಸಪೇಟೆಯವರು 2021ರಿಂದ ವಿಜಯನಗರ ಜಿಲ್ಲೆಯವರು. ಊರು, ಜಿಲ್ಲೆಯ ಈ ವ್ಯತ್ಯಾಸಕ್ಕೆ ದಾಖಲೆ ತಿದ್ದಿಸುತ್ತ ಕೂರಬೇಡಿ. ಹೆಸರು ಯಾವಾಗ ಬದಲಾಯಿತು, ಜಿಲ್ಲೆ ಯಾವಾಗ ಒಡೆಯಿತು ಎಂಬ ಎರಡು ಸಾಲಿನ ಟಿಪ್ಪಣಿ ಜೊತೆಗಿಟ್ಟರೆ ಸಾಕು. ವ್ಯಕ್ತಿಯ ಹೆಸರು, ತಂದೆ ತಾಯಿಯ ಹೆಸರು, ಹುಟ್ಟಿದ ದಿನ ಹಾಗಲ್ಲ. ಅವನ್ನು ಆದಷ್ಟೂ ತಿದ್ದಿಸಲೇಬೇಕು. ತಿದ್ದಿಸಲು ಸಾಧ್ಯವೇ ಇಲ್ಲದಿದ್ದರೆ, ಎರಡೂ ಹೆಸರು ಒಬ್ಬರದೇ ಎಂದು ಹೇಳುವ ಅಫಿಡವಿಟ್ ಮಾಡಿಸಿ.

ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ ಇದ್ದರೆ ಅಮೆರಿಕದ ವೀಸಾದಲ್ಲಿ ನಿಮ್ಮ ಇಡೀ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಎಂದು ಬೀಳುತ್ತದೆ. ಮೊದಲ ಹೆಸರು ತಿಳಿಯದು ಎಂದು ಅದರ ಅರ್ಥ. ಅಲ್ಲಿ ಹೋದ ಮೇಲೆ ಬ್ಯಾಂಕು, ಲೈಸೆನ್ಸು ಎಲ್ಲ ಕಡೆ ಅದೇ ಹೆಸರು ಬೆನ್ನು ಹತ್ತುತ್ತದೆ. ಮನೆತನದ ಹೆಸರು ಸೇರಿಸಿ ಪಾಸ್‌ಪೋರ್ಟ್ ಮರುವಿತರಣೆ ಮಾಡಿಸುವುದಿದ್ದರೆ ಐ-130 ಹಾಕುವ ಮೊದಲೇ ಮಾಡಿಸಿ, ನಡುವೆ ಬೇಡ.

ಜನನ ಪ್ರಮಾಣಪತ್ರ

ಅತಿ ಹೆಚ್ಚು ಓಡಾಟ ಇದಕ್ಕೇ. ಮೊದಲ ಹೆರಿಗೆ ತವರಿನಲ್ಲಿ ಎಂಬ ರೂಢಿಯಿಂದಾಗಿ, ಬೆಳೆದದ್ದು ರಾಯಚೂರಾದರೂ ಜನನ ನೋಂದಣಿ ಗದ್ವಾಲ್ ಅಥವಾ ನಾರಾಯಣಪೇಟೆ ಕಡೆಯ ಹಳ್ಳಿಯಲ್ಲಿರಬಹುದು. ಬಳ್ಳಾರಿಯವರದು ಆದೋನಿ, ರಾಯದುರ್ಗ, ಗುಂತಕಲ್ಲಿನಲ್ಲಿರಬಹುದು. ಇಲ್ಲಿನ ಪಾಲಿಕೆಯಲ್ಲಿ ಹುಡುಕಿಸುವ ಮೊದಲು ಹೆರಿಗೆ ಎಲ್ಲಾಯಿತು ಎಂದು ಅಜ್ಜಿಯನ್ನು ಕೇಳಿ. ತೆಲುಗಿನಲ್ಲಿ ಸಿಕ್ಕರೂ ಚಿಂತೆಯಿಲ್ಲ, ಇಂಗ್ಲಿಷಿಗೆ ಅನುವಾದ ಮಾಡಿಸಿದರಾಯಿತು.

ಪ್ರಮಾಣಪತ್ರ ಸಿಕ್ಕಿದಾಗ ಮೂರು ಸಂಗತಿ ನೋಡಿ: ಮಗುವಿನ ಹೆಸರು ಇದೆಯೇ, ತಂದೆ ತಾಯಿ ಇಬ್ಬರ ಹೆಸರೂ ಇವೆಯೇ, ಹುಟ್ಟಿದ ದಿನ ಪಾಸ್‌ಪೋರ್ಟಿನದೇ ಆಗಿದೆಯೇ. ಹಳೆಯ ರಿಜಿಸ್ಟರುಗಳಲ್ಲಿ ಹೆಸರಿನ ಜಾಗದಲ್ಲಿ ಬರೀ ‘ಹೆಣ್ಣು’ ಎಂದಿರುವುದು ಸಾಮಾನ್ಯ. ಜನನ ಮರಣ ನೋಂದಣಿ ಕಾಯ್ದೆಯ 14ನೇ ಕಲಂ ಪ್ರಕಾರ ಹೆಸರು ಸೇರಿಸಲು ಅವಕಾಶವಿದೆ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಎಂದು ಬರೆದುಕೊಂಡಿದ್ದರೆ ದಿನ ತಾಳೆಯಾಗುವುದಿಲ್ಲ. ಇದನ್ನು ಮುಚ್ಚಿಡದೆ, ಅಫಿಡವಿಟ್‌ನಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆಸಿ.

ನೋಂದಣಿಯೇ ಆಗಿಲ್ಲವೆಂದರೆ, ಹುಟ್ಟಿದ ಊರಿನ ನೋಂದಣಾಧಿಕಾರಿಯಿಂದ ದಾಖಲೆ ಲಭ್ಯವಿಲ್ಲ ಎಂಬ ಪತ್ರ ಬರೆಸಿಕೊಳ್ಳಿ. ಅದರ ಜೊತೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಶಾಲಾ ವರ್ಗಾವಣೆ ಪತ್ರ, ಹುಟ್ಟಿದ್ದನ್ನು ಬಲ್ಲ ತಂದೆ ತಾಯಿ ಅಥವಾ ಹಿರಿಯ ಬಂಧುಗಳ ಅಫಿಡವಿಟ್. ಅಫಿಡವಿಟ್ ಒಂದನ್ನೇ ಕೊಟ್ಟರೆ ಸಾಲದು, ಲಭ್ಯವಿಲ್ಲ ಎಂಬ ಪತ್ರವೇ ಮುಖ್ಯ. ಕಲ್ಯಾಣ ಕರ್ನಾಟಕದ ಮೀಸಲಾತಿಗೆ ಬೇಕಾದ 371ಜೆ ಪ್ರಮಾಣಪತ್ರಕ್ಕೆಂದು ಹಿಂದೆ ಶಾಲಾ ದಾಖಲೆ ತೆಗೆಸಿಟ್ಟ ಮನೆಗಳಲ್ಲಿ ಅರ್ಧ ಕೆಲಸ ಆಗಲೇ ಮುಗಿದಿರುತ್ತದೆ.

ಮದುವೆಯ ಕಾಗದ

ಕಲ್ಯಾಣ ಮಂಟಪದ ರಸೀದಿ, ದೇವಸ್ಥಾನದ ಪತ್ರ, ಸಾಮೂಹಿಕ ವಿವಾಹದಲ್ಲಿ ಮಠದವರು ಕೊಟ್ಟ ಪ್ರಮಾಣಪತ್ರ ಇವೆಲ್ಲ ಪೂರಕ ಸಾಕ್ಷಿ ಮಾತ್ರ. ಬೇಕಾದ್ದು ಸಬ್ ರಿಜಿಸ್ಟ್ರಾರ್ ಕಚೇರಿಯ ನೋಂದಣಿ ಪ್ರಮಾಣಪತ್ರ. ಲಗ್ನಪತ್ರಿಕೆ, ಜೋಡಿ ಫೋಟೊ, ವಯಸ್ಸು ಮತ್ತು ವಿಳಾಸದ ದಾಖಲೆ, ಸಾಕ್ಷಿಗಳು ಬೇಕು. ಇಬ್ಬರೂ ಎದುರಿಗಿರಬೇಕಾಗಬಹುದಾದ್ದರಿಂದ, ಮದುವೆಗೆ ಬಂದವರು ರಜೆ ಮುಗಿಸಿ ವಿಮಾನ ಹತ್ತುವ ಮೊದಲೇ ಮಾಡಿಸಿ. ಅದರಲ್ಲಿ ಎರಡು ದಿನಾಂಕ ಇರುತ್ತವೆ, ಮದುವೆಯಾದ ದಿನ ಮತ್ತು ನೋಂದಣಿಯಾದ ದಿನ. ಅಮೆರಿಕದ ಫಾರಂಗಳಲ್ಲೆಲ್ಲ ಮದುವೆಯಾದ ದಿನವನ್ನೇ ಬರೆಯಿರಿ. ಒಂದರಲ್ಲಿ ಅದು, ಇನ್ನೊಂದರಲ್ಲಿ ಇದು ಬರೆದರೆ ಪ್ರಶ್ನೆ ಬರುತ್ತದೆ.

ಹಿಂದೆ ಮದುವೆಯಾಗಿದ್ದರೆ ವಿಚ್ಛೇದನದ ಕೋರ್ಟ್ ಡಿಕ್ರಿ ಅಥವಾ ಮರಣ ಪ್ರಮಾಣಪತ್ರ ಬೇಕು. ಪಂಚರ ಮುಂದೆ ಛಾಪಾ ಕಾಗದದಲ್ಲಿ ಬರೆಸಿದ ಸೋಡಚೀಟಿ ನಂಬಿ ಅರ್ಜಿ ಹಾಕಬೇಡಿ. ಮೊದಲ ಮದುವೆ ಕಾನೂನಿನಂತೆ ಮುಗಿಯದಿದ್ದರೆ ಎರಡನೆಯದು ಮದುವೆಯೇ ಅಲ್ಲ ಎಂದಾಗುತ್ತದೆ. ಮೊದಲು ವಕೀಲರ ಹತ್ತಿರ ಹೋಗಿ.

ಇನ್ನೊಂದು ಸಂಗತಿಯನ್ನು ಏಜೆಂಟರು ಬಾಯಿ ಬಿಡುವುದಿಲ್ಲ. ನಮ್ಮಲ್ಲಿ ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವುದು ವಾಡಿಕೆ. ರೂಢಿಯಿದ್ದರೆ ಹಿಂದೂ ವಿವಾಹ ಕಾಯ್ದೆಯೂ ಒಪ್ಪುತ್ತದೆ. ಆದರೆ ವಲಸೆ ಅಧಿಕಾರಿ, ದಂಪತಿ ಅಮೆರಿಕದ ಯಾವ ರಾಜ್ಯದಲ್ಲಿ ಬಾಳಲಿದ್ದಾರೋ ಅಲ್ಲಿನ ಕಾನೂನನ್ನೂ ನೋಡಬಹುದು. ಅತ್ತೆ ಮಾವನ ಮಕ್ಕಳ ಮದುವೆಗೆ ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್‌ನಲ್ಲಿ ಅಡ್ಡಿಯಿಲ್ಲ, ಟೆಕ್ಸಾಸ್‌ನಲ್ಲಿ ನಿಷೇಧವಿದೆ. ಸೋದರಮಾವ–ಸೊಸೆ ಮದುವೆಗೆ ಬಹುತೇಕ ರಾಜ್ಯಗಳಲ್ಲಿ ಜಾಗವಿಲ್ಲ. ಇಂಥ ಸಂಬಂಧವಿದ್ದರೆ ಅರ್ಜಿಗೆ ಮೊದಲೇ ಅಲ್ಲಿನ ವಲಸೆ ವಕೀಲರ ಸಲಹೆ ಪಡೆಯಿರಿ, ಇದಕ್ಕೆ ಕೊಟ್ಟ ಹಣ ದಂಡವಲ್ಲ. ಮುಚ್ಚಿಡುವುದಂತೂ ಬೇಡ. ಸುಳ್ಳು ಹೇಳಿದ್ದು ಸಾಬೀತಾದರೆ ಅದು ಜೀವನಪೂರ್ತಿ ಬಾಗಿಲು ಮುಚ್ಚುವಂಥ ತಪ್ಪು.

ಐ-130 ಹಾಕುವಾಗ

ಅರ್ಜಿ ಹಾಕುವವರು ಅಮೆರಿಕದಲ್ಲಿರುವವರು. ಆನ್‌ಲೈನ್‌ನಲ್ಲಾದರೆ 625 ಡಾಲರ್, ಕಾಗದದಲ್ಲಾದರೆ 675. ಇದು 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ದರ, ಕಟ್ಟುವ ದಿನ ಮತ್ತೊಮ್ಮೆ ನೋಡಿಕೊಳ್ಳಿ. ಜೊತೆಗೆ ಪೌರತ್ವದ ಅಥವಾ ಗ್ರೀನ್ ಕಾರ್ಡಿನ ಪುರಾವೆ, ಮದುವೆ ಪ್ರಮಾಣಪತ್ರ, ಇಬ್ಬರದೂ 2 ಇಂಚು ಉದ್ದಗಲದ ಬಿಳಿ ಹಿನ್ನೆಲೆಯ ಫೋಟೊ. ಇಲ್ಲಿರುವ ಸಂಗಾತಿಯ 5 ವರ್ಷದ ವಿಳಾಸ ಮತ್ತು ಕೆಲಸದ ವಿವರಕ್ಕೆ ಐ-130ಎ ಎಂಬ ಇನ್ನೊಂದು ಫಾರಂ ಇದೆ. ವಿದೇಶದಲ್ಲಿರುವವರು ಅದಕ್ಕೆ ಸಹಿ ಹಾಕಲೇಬೇಕೆಂದಿಲ್ಲ, ಆದರೆ ತುಂಬಿರಲೇಬೇಕು.

ಐ-130ರಲ್ಲಿ ಸಂಗಾತಿಯ ಹೆಸರು ಮತ್ತು ವಿಳಾಸವನ್ನು ಅವರ ಭಾಷೆಯ ಲಿಪಿಯಲ್ಲೇ ಕೇಳುವ ಜಾಗವೊಂದಿದೆ. ಅಲ್ಲಿ ಕನ್ನಡದಲ್ಲೇ ಬರೆಯಬೇಕು. ಖಾಲಿ ಬಿಡುವವರು ಬಹಳ. ‘ದುರ್ಗಮ್ಮನ ಗುಡಿ ಹಿಂದೆ’ ಎಂಬಂಥ ಗುರುತಿನ ವಿಳಾಸಕ್ಕೆ ಮನೆ ನಂಬರು, ವಾರ್ಡು, ಪಿನ್ ಕೋಡ್ ಸೇರಿಸಿ, ಎಲ್ಲ ಫಾರಂಗಳಲ್ಲೂ ಅದನ್ನೇ ಉಳಿಸಿಕೊಳ್ಳಿ.

ಮದುವೆ ನಿಜವಾದದ್ದು ಎಂದು ತೋರಿಸಲು ಇಡೀ ಆಲ್ಬಮ್ ಕಳಿಸಬೇಡಿ. ಹದಿನೈದಿಪ್ಪತ್ತು ಫೋಟೊ ಸಾಕು: ನಿಶ್ಚಿತಾರ್ಥ, ಅರಿಶಿನ, ಅಕ್ಷತೆ, ಬೀಗರ ಊಟ, ಆಮೇಲೆ ಇಬ್ಬರೂ ಓಡಾಡಿದ್ದು. ಪ್ರತಿಯೊಂದರ ಕೆಳಗೆ ದಿನ, ಊರು, ಯಾರು ಯಾರು ಎಂದು ಬರೆಯಿರಿ. ಎರಡೂ ಕಡೆಯ ಹಿರಿಯರು ಒಟ್ಟಿಗೆ ಇರುವ ಫೋಟೊಗೆ, ವಧೂವರರು ಮಾತ್ರ ಇರುವ ಹತ್ತು ಸ್ಟುಡಿಯೊ ಪೋಸಿಗಿಂತ ಹೆಚ್ಚು ಬೆಲೆ. ಮದುವೆ ನಂತರದ ವಿಮಾನ ಟಿಕೆಟ್, ಪಾಸ್‌ಪೋರ್ಟಿನ ಮುದ್ರೆ, ಹಣ ಕಳಿಸಿದ ಬ್ಯಾಂಕ್ ದಾಖಲೆ, ವಿಮೆಯ ನಾಮಿನಿ, ತಿಂಗಳಿಗೊಂದೆರಡು ಪುಟದಂತೆ ಕರೆಗಳ ಪಟ್ಟಿ ಸೇರಿಸಿ. ಲಗ್ನಪತ್ರಿಕೆ ಕನ್ನಡದಲ್ಲಿದ್ದರೆ ಅನುವಾದ ಬೇಕು. ಎರಡೂ ಭಾಷೆ ಬಲ್ಲ ಯಾರು ಬೇಕಾದರೂ ಮಾಡಬಹುದು, ನೀವಿಬ್ಬರು ಮಾಡದಿದ್ದರೆ ಒಳ್ಳೆಯದು. ಅನುವಾದ ಪೂರ್ಣ ಮತ್ತು ಸರಿಯಾಗಿದೆ, ನನಗೆ ಎರಡೂ ಭಾಷೆ ಬರುತ್ತದೆ ಎಂದು ಬರೆದು ಸಹಿ, ಹೆಸರು, ವಿಳಾಸ, ದಿನಾಂಕ ಹಾಕಿರಬೇಕು.

ಇಲಾಖೆ ಹೆಚ್ಚಿನ ದಾಖಲೆ ಕೇಳಿದರೆ, ಪತ್ರದಲ್ಲಿರುವ ಗಡುವಿನೊಳಗೆ ಎಲ್ಲವನ್ನೂ ಒಂದೇ ಸಲ ಕಳಿಸಿ. ಕಂತಿನಲ್ಲಿ ಕಳಿಸಲು ಬರುವುದಿಲ್ಲ.

ಎನ್‌ವಿಸಿ ಮತ್ತು ಹಣದ ಲೆಕ್ಕ

ಐ-130 ಮಂಜೂರಾದ ಮೇಲೆ ಕಡತ ನ್ಯಾಷನಲ್ ವೀಸಾ ಸೆಂಟರಿಗೆ ಹೋಗುತ್ತದೆ. ಮುಂಬೈ ಕಡತಗಳ ಸಂಖ್ಯೆ ಬಿಎಂಬಿ ಎಂದು ಶುರುವಾಗುತ್ತದೆ. ಇಮೇಲ್ ಸ್ಪ್ಯಾಮ್‌ಗೆ ಬಿದ್ದೀತು, ಆಗಾಗ ನೋಡಿ. ಒಂದು ವರ್ಷ ಯಾವ ಸಂಪರ್ಕವನ್ನೂ ಇಟ್ಟುಕೊಳ್ಳದಿದ್ದರೆ ಕಡತ ಮುಚ್ಚುವ ಅಪಾಯವಿದೆ. ಇಲ್ಲಿ ವೀಸಾ ಅರ್ಜಿಗೆ 325 ಡಾಲರ್, ಆರ್ಥಿಕ ಬೆಂಬಲದ ಪರಿಶೀಲನೆಗೆ 120 ಡಾಲರ್, ಎರಡನ್ನೂ ಅಮೆರಿಕದ ಬ್ಯಾಂಕ್ ಖಾತೆಯಿಂದ ಕಟ್ಟಬೇಕು. ಆಮೇಲೆ ಡಿಎಸ್-260 ಎಂಬ ಆನ್‌ಲೈನ್ ವೀಸಾ ಅರ್ಜಿ ಫಾರಂ.

ಸ್ಪಾನ್ಸರ್ ಸಹಿ ಮಾಡುವ ಐ-864 ಬರೀ ಫಾರಂ ಅಲ್ಲ, ಸಂಗಾತಿಯ ಖರ್ಚಿಗೆ ತಾನೇ ಹೊಣೆ ಎಂಬ ಕರಾರು. ಆದಾಯ ಅಮೆರಿಕದ ಬಡತನ ಮಾನದಂಡದ 125%ರಷ್ಟಾದರೂ ಇರಬೇಕು. 2025ರ ಪಟ್ಟಿಯಲ್ಲಿ ಇಬ್ಬರ ಮನೆಗೆ 21,150 ಡಾಲರ್, ಅದರ 125% ಅಂದರೆ 26,437. ಮಕ್ಕಳು, ಹಿಂದೆ ಸ್ಪಾನ್ಸರ್ ಮಾಡಿದವರು ಇದ್ದರೆ ಅವರನ್ನೂ ಎಣಿಸಬೇಕು. ಎಣಿಕೆ ತಪ್ಪುವುದು ಇಲ್ಲೇ. ತೆರಿಗೆ ಇಲಾಖೆಯ ಟ್ರಾನ್ಸ್‌ಕ್ರಿಪ್ಟ್, ಕಂಪನಿ ಕೊಡುವ ವರ್ಷದ ಸಂಬಳ ಮತ್ತು ತೆರಿಗೆಯ ಲೆಕ್ಕವಾದ ಡಬ್ಲ್ಯೂ-2, ಸಂಬಳ ಚೀಟಿ ಜೊತೆಗಿರಲಿ. ಆದಾಯ ಸಾಲದಿದ್ದರೆ ಅಮೆರಿಕದಲ್ಲೇ ಇರುವ ಪೌರರೋ ಗ್ರೀನ್ ಕಾರ್ಡಿನವರೋ ಜಂಟಿ ಸ್ಪಾನ್ಸರ್ ಆಗಬಹುದು. ಕಾರಟಗಿಯ ಗದ್ದೆ ತೋರಿಸಿದರಾಗದೇ ಎಂದು ಕೇಳುವವರಿದ್ದಾರೆ. ಆಸ್ತಿಯನ್ನು ವರ್ಷದೊಳಗೆ ನಗದಾಗಿಸಿ ದೇಶದಾಚೆ ಒಯ್ಯಲು ಸಾಧ್ಯ ಎಂದು ಸಾಬೀತು ಮಾಡಬೇಕು. ಪೌರರ ಸಂಗಾತಿಗಾದರೆ ಕೊರತೆಯ 3 ಪಟ್ಟು, ಗ್ರೀನ್ ಕಾರ್ಡಿನವರ ಸಂಗಾತಿಗಾದರೆ 5 ಪಟ್ಟು ಬೆಲೆ ಇರಬೇಕು. ಪಿತ್ರಾರ್ಜಿತ ಜಮೀನಿನಲ್ಲಿ ಅಣ್ಣತಮ್ಮಂದಿರ ಪಾಲೂ ಇದ್ದರೆ ಅದನ್ನು ಬಿಟ್ಟು ಜಂಟಿ ಸ್ಪಾನ್ಸರ್ ಹುಡುಕುವುದೇ ವಾಸಿ. ವಿಚ್ಛೇದನವಾದರೂ ಈ ಹೊಣೆ ತಪ್ಪುವುದಿಲ್ಲ ಎಂಬುದು ಸಹಿ ಹಾಕುವವರಿಗೆ ಗೊತ್ತಿರಲಿ.

ಪೊಲೀಸ್ ಕ್ಲಿಯರೆನ್ಸ್ ಎಂದರೆ ಎಸ್‌ಪಿ ಕಚೇರಿ ಪತ್ರವಲ್ಲ, ಪಾಸ್‌ಪೋರ್ಟ್ ಇಲಾಖೆಯದು. ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ ಹತ್ತಿರದ ಸೇವಾ ಕೇಂದ್ರಕ್ಕೆ ಹೋಗಿ. ಠಾಣೆಯವರು ಪರಿಶೀಲನೆಗೆ ಬಂದಾಗ ಪಾಸ್‌ಪೋರ್ಟಿನ ವಿಳಾಸದಲ್ಲಿ ಯಾರೂ ಸಿಗದಿದ್ದರೆ ಕಡತ ಕೊಳೆಯುತ್ತದೆ. ಮದುವೆಯಾಗಿ ಗಂಡನ ಮನೆಗೆ ಬಂದವರು ಈಗಿನ ವಿಳಾಸವನ್ನೇ ಕೊಡಿ. ಗಲ್ಫ್ ದೇಶದಲ್ಲಿ ವರ್ಷಕ್ಕಿಂತ ಹೆಚ್ಚು ಇದ್ದವರಿಗೆ ಅಲ್ಲಿನದೂ ಬೇಕು. ಅದಕ್ಕೆ ಸಮಯ ಹಿಡಿಯುತ್ತದೆ, ಐ-130 ಮಂಜೂರಾದ ದಿನವೇ ಶುರುಮಾಡಿ.

ಮುಂಬೈ

ಸಂದರ್ಶನ ಸಾಮಾನ್ಯವಾಗಿ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್‌ನ ಅಮೆರಿಕನ್ ಕಾನ್ಸುಲೇಟ್‌ನಲ್ಲಿ. ರಾಯಚೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್ ನೇರ ಹೋಗುತ್ತದೆ. ಬಳ್ಳಾರಿಯವರು ಗುಂತಕಲ್ಲಿಗೆ ಹೋಗಿ ಅದನ್ನೇ ಹಿಡಿಯಬಹುದು. ವೈದ್ಯಕೀಯ ತಪಾಸಣೆ ಕಾನ್ಸುಲೇಟ್ ಪಟ್ಟಿಯಲ್ಲಿರುವ ವೈದ್ಯರಲ್ಲೇ ಆಗಬೇಕು, ಊರಿನ ಜಿಲ್ಲಾ ಆಸ್ಪತ್ರೆ ವರದಿ ನಡೆಯದು. ಎದೆಯ ಎಕ್ಸ್‌ರೇಯಲ್ಲಿ ಹಳೆಯ ಟಿಬಿ ಕಲೆ ಕಂಡರೆ ಕಫದ ಕಲ್ಚರ್‌ಗೆ 8 ವಾರದವರೆಗೆ ಬೇಕಾಗುತ್ತದೆ. ಹಾಗಾಗಿ ಸಂದರ್ಶನದ ಹಿಂದಿನ ದಿನಕ್ಕೆ ತಪಾಸಣೆ ಇಟ್ಟುಕೊಳ್ಳಬೇಡಿ, ವಿಮಾನದ ಟಿಕೆಟ್ಟನ್ನೂ ವೀಸಾ ಕೈಗೆ ಬಂದ ಮೇಲೆ ತೆಗೆಯಿರಿ. ಹಿಂದೆ ಟಿಬಿ ಚಿಕಿತ್ಸೆ ಪಡೆದಿದ್ದರೆ ಆ ಚೀಟಿಗಳನ್ನು, ಲಸಿಕೆ ದಾಖಲೆಗಳನ್ನು ಒಯ್ಯಿರಿ.

ಸಂದರ್ಶನಕ್ಕೆ ಎಲ್ಲದರ ಮೂಲಪ್ರತಿ ಬೇಕು. ಪ್ರಶ್ನೆಗಳು ಸರಳ: ಹೇಗೆ ಪರಿಚಯ, ಮದುವೆಗೆ ಯಾರು ಬಂದಿದ್ದರು, ಅವರು ಅಲ್ಲಿ ಏನು ಕೆಲಸ ಮಾಡುತ್ತಾರೆ, ಮನೆಯಲ್ಲಿ ಯಾರಿದ್ದಾರೆ. ಬಾಯಿಪಾಠ ಮಾಡಿ ಹೋದವರೇ ತೊದಲುತ್ತಾರೆ. ಏನಾದರೂ ಕೊರತೆ ಇದ್ದರೆ 221(ಜಿ) ಚೀಟಿ ಕೊಡುತ್ತಾರೆ. ಅದು ಕೊನೆಯ ತಿರಸ್ಕಾರವೆಂದು ಗಾಬರಿ ಬೇಡ, ಕೇಳಿದ್ದನ್ನು ಅದರಲ್ಲಿ ಬರೆದ ರೀತಿಯಲ್ಲೇ ಒಪ್ಪಿಸಿ.

ವೀಸಾ ಬಂದ ಮೇಲೆ 235 ಡಾಲರಿನ ವಲಸೆ ಶುಲ್ಕವನ್ನು ಹೊರಡುವ ಮೊದಲೇ ಕಟ್ಟಿ. ಕಟ್ಟದಿದ್ದರೂ ಒಳಗೆ ಬಿಡುತ್ತಾರೆ, ಆದರೆ ಕಾರ್ಡ್ ಮುದ್ರಣವಾಗುವುದಿಲ್ಲ. ಇಳಿದಾಗ ಪಾಸ್‌ಪೋರ್ಟಿನ ವೀಸಾ ಮೇಲೆ ಬೀಳುವ ಮುದ್ರೆ ಒಂದು ವರ್ಷ ಗ್ರೀನ್ ಕಾರ್ಡಿನಂತೆಯೇ ನಡೆಯುತ್ತದೆ. ಕಾರ್ಡ್ ಅಂಚೆಯಲ್ಲಿ ಬರುತ್ತದೆ, ಅಲ್ಲಿನ ಅಂಚೆ ಪೆಟ್ಟಿಗೆಯ ಮೇಲೆ ಹೊಸದಾಗಿ ಬಂದವರ ಹೆಸರನ್ನೂ ಅಂಟಿಸಿ. ಕಾಲಿಟ್ಟ ದಿನಕ್ಕೆ ಮದುವೆಯಾಗಿ 2 ವರ್ಷ ತುಂಬಿರದಿದ್ದರೆ ಸಿಗುವುದು 2 ವರ್ಷದ ಷರತ್ತಿನ ಕಾರ್ಡ್. ಅದರ ಅವಧಿ ಮುಗಿಯುವ ಮೊದಲಿನ 90 ದಿನಗಳೊಳಗೆ ಇಬ್ಬರೂ ಸೇರಿ ಷರತ್ತು ತೆಗೆಸುವ ಐ-751 ಅರ್ಜಿ ಹಾಕಬೇಕು. ಆಗ ಮತ್ತೆ ಜಂಟಿ ಬ್ಯಾಂಕ್ ಖಾತೆ, ಇಬ್ಬರ ಹೆಸರಿನ ಬಾಡಿಗೆ ಕರಾರು, ಒಟ್ಟಿಗೆ ಸಲ್ಲಿಸಿದ ತೆರಿಗೆ ದಾಖಲೆ ಕೇಳುತ್ತಾರೆ. ಮನೆ ಕರಾರಿಗೆ ಸಂಗಾತಿಯ ಹೆಸರನ್ನು ಮೊದಲ ತಿಂಗಳಲ್ಲೇ ಸೇರಿಸಿ.