ಮೂತ್ರಪಿಂಡ ಚಿಕಿತ್ಸೆ, ಸಾಮಾನ್ಯ ವೈದ್ಯವೃತ್ತಿ, ಸಂಶೋಧನೆ: ಮೂರನ್ನೂ ಒಟ್ಟಿಗೆ ನಡೆಸುವ ಬಗೆ

ಈ ಮೂರನ್ನೂ ಬೇರೆ ಬೇರೆ ಕೆಲಸಗಳೆಂದು ಎಣಿಸಿ ವಾರದ ದಿನಗಳನ್ನು ಹಂಚಿಹಾಕಲು ಹೊರಡುವ ಯುವ ವೈದ್ಯರು ಬೇಗನೆ ಬಳಲುತ್ತಾರೆ. ಡಯಾಲಿಸಿಸ್‌ವರೆಗೆ ಬಂದ ರೋಗಿಯನ್ನು ಹತ್ತು ವರ್ಷ ಮೊದಲೇ ಯಾವ ಪರೀಕ್ಷೆಯಿಂದ ಗುರುತಿಸಬಹುದಿತ್ತು ಎಂಬ ಒಂದೇ ಪ್ರಶ್ನೆಗೆ ಮೂರನ್ನೂ ಕಟ್ಟಿಕೊಳ್ಳುವುದು ಮೇಲು.

ತರಬೇತಿಯಲ್ಲಿ ಮೊದಲು ಮೂತ್ರಪಿಂಡ ವಿಭಾಗದಲ್ಲಿ ಸಾಕಷ್ಟು ಕಾಲ ಕೆಲಸ ಮಾಡಿ. ಉಸಿರುಕಟ್ಟಿ ತುರ್ತು ಡಯಾಲಿಸಿಸ್‌ಗೆ ಬಂದವರನ್ನು ಕಂಡ ವೈದ್ಯರು ಮುಂದೆ ತಮ್ಮ ಚಿಕಿತ್ಸಾಲಯದಲ್ಲಿ ರಕ್ತದ ಕ್ರಿಯಾಟಿನಿನ್ (ಮೂತ್ರಪಿಂಡ ಹೊರಹಾಕಬೇಕಾದ, ಸ್ನಾಯುಗಳಿಂದ ಬರುವ ತ್ಯಾಜ್ಯ) ಸ್ವಲ್ಪ ಏರಿದರೂ ಉಪೇಕ್ಷಿಸುವುದಿಲ್ಲ. ಮೂತ್ರಪಿಂಡ ಚಿಕಿತ್ಸೆ, ಸಾಮಾನ್ಯ ವೈದ್ಯವೃತ್ತಿ ಎರಡಕ್ಕೂ ಬೇಕಾದ ಅರ್ಹತೆ, ನೋಂದಣಿಗಳ ವಿಚಾರವನ್ನು ಆರಂಭದಲ್ಲೇ ತಿಳಿದುಕೊಳ್ಳಿ.

ಸಾಮಾನ್ಯ ವೈದ್ಯರ ಕೊಠಡಿಯೇ ಈ ವೃತ್ತಿಯ ತಿರುಳು ಎಂದು ನಾನು ನಂಬಿದ್ದೇನೆ, ಏಕೆಂದರೆ ರೋಗಲಕ್ಷಣಗಳಿಲ್ಲದ ಹಂತದಲ್ಲಿ ರೋಗಿ ಬೇರೆ ಕಾರಣಕ್ಕೆ ಬರುವುದು ಅಲ್ಲಿಗೇ. ಮೂತ್ರಪಿಂಡದ ಶಕ್ತಿ ಅರ್ಧದಷ್ಟು ಕುಂದುವವರೆಗೂ ಕ್ರಿಯಾಟಿನಿನ್ ಅಂಕಿ ಸಹಜ ಮಿತಿಯಲ್ಲೇ ಉಳಿಯಬಹುದು. ಸ್ನಾಯು ಕಡಿಮೆಯಿರುವ ವೃದ್ಧರಲ್ಲಂತೂ ಅದು ಸುಲಭವಾಗಿ ದಾರಿ ತಪ್ಪಿಸುತ್ತದೆ. ಆದ್ದರಿಂದ ಕ್ರಿಯಾಟಿನಿನ್ ಅಂಕಿಗೆ ವಯಸ್ಸು, ಲಿಂಗಗಳನ್ನು ಸೇರಿಸಿ ಶೋಧನಾ ದರವನ್ನು, ಅಂದರೆ ಮೂತ್ರಪಿಂಡಗಳು ನಿಮಿಷಕ್ಕೆ ಎಷ್ಟು ಸೋಸುತ್ತವೆ ಎಂಬುದನ್ನು, ಲೆಕ್ಕಹಾಕಿ, ಜೊತೆಗೆ ಮೂತ್ರದಲ್ಲಿನ ಅಲ್ಬುಮಿನ್–ಕ್ರಿಯಾಟಿನಿನ್ ಅನುಪಾತವನ್ನೂ ನೋಡಿ (ಅಲ್ಬುಮಿನ್ ಎಂದರೆ ಮೂತ್ರಪಿಂಡ ಕೆಟ್ಟಾಗ ಮೂತ್ರಕ್ಕೆ ಸೋರುವ ರಕ್ತದ ಪ್ರೋಟೀನ್). ದರವು ನಿಮಿಷಕ್ಕೆ 60 ಮಿಲಿಲೀಟರ್‌ಗಿಂತ ಕೆಳಗೆ ಅಥವಾ ಅನುಪಾತವು ಗ್ರಾಂಗೆ 30 ಮಿಲಿಗ್ರಾಂ ಅಥವಾ ಅದಕ್ಕಿಂತ ಮೇಲೆ ಮೂರು ತಿಂಗಳಿಗೂ ಹೆಚ್ಚು ಕಾಲ ಇದ್ದರೆ ಅದು ದೀರ್ಘಕಾಲದ ಮೂತ್ರಪಿಂಡ ಕಾಯಿಲೆ. ಒಂದೇ ವರದಿ ನೋಡಿ ಹಾಗೆ ಹೆಸರಿಡಬೇಡಿ. ರಕ್ತದೊತ್ತಡವನ್ನು ಅಳೆದು, ಅಂಗಡಿಯಿಂದ ರೋಗಿಗಳು ತಾವೇ ಕೊಂಡು ನುಂಗುವ, ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲ ನೋವಿನ ಮಾತ್ರೆಗಳ ಬಗ್ಗೆ ತಪ್ಪದೆ ಕೇಳಿ.

ಚಿಕಿತ್ಸೆಯೂ ಈಗ ತಜ್ಞರ ಕೈಯಲ್ಲಷ್ಟೇ ಉಳಿದಿಲ್ಲ. ಮಧುಮೇಹದ ಮಾತ್ರೆಯಾದ ಕ್ಯಾನಗ್ಲಿಫ್ಲೋಜಿನ್ ಮಧುಮೇಹಿಗಳ ಮೂತ್ರಪಿಂಡವನ್ನು ಕಾಪಾಡುತ್ತದೆಂದು 2019ರಲ್ಲಿ, ಅದೇ ಗುಂಪಿನ ಡಾಪಗ್ಲಿಫ್ಲೋಜಿನ್ ಮಧುಮೇಹವಿಲ್ಲದ ಮೂತ್ರಪಿಂಡ ರೋಗಿಗಳಿಗೂ ನೆರವಾಗುತ್ತದೆಂದು 2020ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗಗಳು ತೋರಿಸಿದವು. ಈ ಔಷಧಗಳನ್ನು ಆರಂಭಿಸಿದಾಗ ಶೋಧನಾ ದರ ತುಸು ಇಳಿಯುವುದು ನಿರೀಕ್ಷಿತವೇ. ಅದಕ್ಕೆ ಹೆದರಿ ನಿಲ್ಲಿಸುವುದು ರೋಗಿಗೆ ನಷ್ಟ.

ಸಂಶೋಧನೆಗೆ ದೊಡ್ಡ ಪ್ರಯೋಗಾಲಯ ಬೇಕಾಗಿಲ್ಲ. ವೇಲ್ಸ್‌ನ ಗಣಿಹಳ್ಳಿ ಗ್ಲಿನ್‌ಕೊರಗ್‌ನಲ್ಲಿ ಸಾಮಾನ್ಯ ವೈದ್ಯರಾಗಿದ್ದ ಜೂಲಿಯನ್ ಟ್ಯೂಡರ್ ಹಾರ್ಟ್ ತಮ್ಮ ರೋಗಿಗಳೆಲ್ಲರ ರಕ್ತದೊತ್ತಡವನ್ನು ಅಳೆದು ದಾಖಲಿಸುತ್ತಲೇ ಸಂಶೋಧಕರಾದರು. ನೀವೂ ನಿಮ್ಮ ದಾಖಲೆಯಿಂದಲೇ ತೊಡಗಿ: ಕಳೆದ ವರ್ಷ ಬಂದ ಮಧುಮೇಹಿಗಳಲ್ಲಿ ಎಷ್ಟು ಮಂದಿಗೆ ಮೂತ್ರದ ಅಲ್ಬುಮಿನ್ ಪರೀಕ್ಷೆ ನಡೆದಿದೆ? ಮಾಹಿತಿ ಸಂಗ್ರಹಿಸುವ ಮೊದಲೇ ನೈತಿಕ ಸಮಿತಿಯ ಅನುಮತಿ ಪಡೆದು, ಸಂಖ್ಯಾಶಾಸ್ತ್ರಜ್ಞರೊಂದಿಗೆ ಕುಳಿತು ಪ್ರಶ್ನೆಯನ್ನು ಕಿರಿದುಗೊಳಿಸಿ. ನಿರೀಕ್ಷಿಸಿದ ಫಲ ಸಿಗದಿದ್ದರೂ ಪ್ರಕಟಿಸಿ.

ವಾರದಲ್ಲಿ ಅರ್ಧ ದಿನವನ್ನಾದರೂ ಡಯಾಲಿಸಿಸ್ ಘಟಕಕ್ಕೆ ಮೀಸಲಿಡಿ. ಹೊಸದಾಗಿ ಸೇರಿದ ರೋಗಿಯ ಒಪ್ಪಿಗೆ ಪಡೆದು ಹಳೆಯ ವರದಿಗಳನ್ನು ಹಿಂದಕ್ಕೆ ತಿರುವುತ್ತಾ ಹೋದರೆ, ಅಂಕಿ ಮೊದಲು ಕೆಟ್ಟ ದಿನಾಂಕ ಎಷ್ಟೋ ಬಾರಿ ಸಿಗುತ್ತದೆ. ಅಂದು ಏನು ಮಾಡಲಾಯಿತು, ಏನು ಬಿಟ್ಟುಹೋಯಿತು ಎಂಬುದನ್ನು ಬರೆದಿಟ್ಟುಕೊಂಡರೆ ಮುಂದಿನ ಅಧ್ಯಯನದ ಪ್ರಶ್ನೆ ಆ ಪುಟದಲ್ಲೇ ಇರುತ್ತದೆ.