ಲಾಟ್ ಪುಸ್ತಕದಿಂದ ವೆಬ್‌ಸೈಟಿಗೆ: ಜ್ಯಾಂಗೊ ಕಲಿಯುವವರಿಗೆ

ಬಳ್ಳಾರಿಯ ಕೌಲ್ ಬಜಾರಿನಲ್ಲಿ ನಮ್ಮದೊಂದು ಸಣ್ಣ ಜೀನ್ಸ್ ಯೂನಿಟ್ ಇದೆ. ಎಂಟು ಮಷಿನ್. ಅಣ್ಣ ಕಟಿಂಗ್ ನೋಡಿಕೊಳ್ಳುತ್ತಾನೆ, ಅತ್ತಿಗೆ ಲಾಟ್ ಪುಸ್ತಕ (ಒಂದೊಂದು ಕಂತಿನ ಮಾಲಿನ ವಿವರ) ಬರೆಯುತ್ತಾರೆ, ಲೆಕ್ಕ ನನ್ನದು. ಮೊದಲು ಒಬ್ಬರ ಕೈಲಿ ದುಡ್ಡು ಕೊಟ್ಟು ವೆಬ್‌ಸೈಟ್ ಮಾಡಿಸಿದ್ದೆವು. ಒಂದು ರೇಟ್ ಬದಲಿಸಬೇಕೆಂದರೂ ಅವರಿಗೇ ಫೋನ್ ಮಾಡಬೇಕಿತ್ತು. ಆಮೇಲೆ ಅವರು ಫೋನ್ ಎತ್ತುವುದನ್ನೇ ಬಿಟ್ಟರು. ಪಾರ್ಟಿಗಳು ಹಳೇ ರೇಟ್ ನೋಡಿಕೊಂಡು ಬಂದು ಅಣ್ಣನ ಜೊತೆ ಜಗಳಕ್ಕೆ ನಿಂತರು. ಪಾಸ್‌ವರ್ಡ್ ನಮ್ಮ ಕೈಗೆ ಕೊನೆಗೂ ಬರಲಿಲ್ಲ. ಆಗ ನಾನೇ ಕಲಿಯಲು ಕೂತೆ.

ನನಗೆ ಬೇಕಿದ್ದದ್ದು ಒಂದೇ. ಮಾಲು ಯಾರ ಕೈಲಿ ಇದೆಯೋ ಅವರೇ ಸೈಟಿನಲ್ಲಿ ತುಂಬಿಸುವಂತಿರಬೇಕು. ಪೈಥಾನ್ ಭಾಷೆಯಲ್ಲಿ ವೆಬ್‌ಸೈಟ್ ಕಟ್ಟಲು ಇರುವ ಚೌಕಟ್ಟು ಜ್ಯಾಂಗೊ, ಅದನ್ನು ಹಿಡಿದದ್ದು ಅದಕ್ಕೇ. ಇದು ಹುಟ್ಟಿದ್ದು ಅಮೆರಿಕದ ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಊರಿನ ಒಂದು ಪತ್ರಿಕಾ ಕಚೇರಿಯಲ್ಲಿ, 2003ರಲ್ಲಿ. ಅಲ್ಲಿ ಪ್ರೋಗ್ರಾಂ ಬರೆಯುವವರು ಬೇರೆ, ಸುದ್ದಿ ತುಂಬಿಸುವವರು ಬೇರೆ. ಹಾಗಾಗಿ ಮಾಹಿತಿ ತುಂಬಿಸುವ ಅಡ್ಮಿನ್ ಪುಟ ಇದರ ಜೊತೆಗೇ ಬರುತ್ತದೆ, ನಾವು ಕಟ್ಟಬೇಕಿಲ್ಲ. 2005ರಲ್ಲಿ ಇದನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಬಳಸಲು ದುಡ್ಡಿಲ್ಲ, ಯಾರ ಅಪ್ಪಣೆಯೂ ಬೇಡ.

ಇನ್‌ಸ್ಟಾಲ್ ಮಾಡುವುದು ದೊಡ್ಡ ಕೆಲಸವಲ್ಲ. ಜ್ಯಾಂಗೊ 5ಕ್ಕೆ ಪೈಥಾನ್ 3.10 ಅಥವಾ ಅದಕ್ಕಿಂತ ಹೊಸದು ಬೇಕು. ಒಂದು ಫೋಲ್ಡರ್ ಮಾಡಿ, ಅದರೊಳಗೆ ವರ್ಚುವಲ್ ಎನ್ವಿರಾನ್‌ಮೆಂಟ್ (ಈ ಕೆಲಸಕ್ಕೇ ಮೀಸಲಾದ ಪೈಥಾನ್ ಜಾಗ) ತೆರೆದು, ಪೈಥಾನ್ ಪ್ಯಾಕೇಜ್ ಇಳಿಸುವ ಪಿಪ್‌ನಿಂದ ಜ್ಯಾಂಗೊ ಇಳಿಸಿಕೊಳ್ಳಿ. ಹೊಸ ಪ್ರಾಜೆಕ್ಟ್ ಶುರು ಮಾಡುವ ಸ್ಟಾರ್ಟ್‌ಪ್ರಾಜೆಕ್ಟ್ ಕಮಾಂಡ್ ಕೊಡುವಾಗ ಹೆಸರಿನಲ್ಲಿ ಹೈಫನ್ ಹಾಕಬೇಡಿ, ಅದು ಒಪ್ಪುವುದಿಲ್ಲ. ಸೈಟನ್ನು ನಮ್ಮ ಕಂಪ್ಯೂಟರಿನಲ್ಲೇ ಓಡಿಸುವ ರನ್‌ಸರ್ವರ್ ಕೊಟ್ಟು ಬ್ರೌಸರಿನಲ್ಲಿ ಪೋರ್ಟ್ 8000 (localhost:8000) ತೆರೆದರೆ ಒಂದು ರಾಕೆಟ್ ಚಿತ್ರ ಕಾಣುತ್ತದೆ. ಆ ರಾಕೆಟ್ ಕಂಡ ರಾತ್ರಿ ನಾನು ಅತ್ತಿಗೆಯನ್ನು ಎಬ್ಬಿಸಿ ತೋರಿಸಿದ್ದೆ. ಆಮೇಲೆ ಸ್ಟಾರ್ಟ್‌ಆ್ಯಪ್ ಕೊಟ್ಟು ಒಂದು ಆ್ಯಪ್ (ಸೈಟಿನ ಒಂದು ಭಾಗ) ಮಾಡಿ, ಅದರ ಹೆಸರನ್ನು ಸೆಟ್ಟಿಂಗ್ಸ್ ಫೈಲಿನ ಇನ್‌ಸ್ಟಾಲ್ಡ್ ಆ್ಯಪ್ಸ್ ಪಟ್ಟಿಗೆ ಸೇರಿಸಿ.

ಈಗ ಕೀಬೋರ್ಡ್ ಪಕ್ಕಕ್ಕಿಡಿ. ನಿಮ್ಮ ಅಂಗಡಿಯದೋ ಯೂನಿಟ್ಟಿನದೋ ಪುಸ್ತಕ ತೆಗೆಯಿರಿ. ನಮ್ಮ ಲಾಟ್ ಪುಸ್ತಕದ ಒಂದು ಪುಟದಲ್ಲಿ ಮೇಲೆ ಲಾಟ್ ನಂಬರ್, ಡಿಸೈನ್, ವಾಶ್, ರೇಟ್ ಇರುತ್ತದೆ. ಕೆಳಗೆ ಸೈಜ್ ಮತ್ತು ಎಷ್ಟು ಪೀಸ್ ಅಂತ ಸಾಲು ಸಾಲಾಗಿ ಬರೆದಿರುತ್ತದೆ. ಇದನ್ನೇ ಮಾಡೆಲ್ಸ್ ಫೈಲಿನಲ್ಲಿ ಬರೆಯಬೇಕು. ಮಾಡೆಲ್ ಅಂದರೆ ಯಾವ ಯಾವ ಮಾಹಿತಿ ಇಡಬೇಕು ಅಂತ ಹೇಳುವ ನಮೂನೆ. ನಾನು ಮೊದಲ ಸಲ 28, 30, 32, 34, 36 ಅಂತ ಒಂದೊಂದು ಸೈಜಿಗೂ ಒಂದೊಂದು ಕಾಲಂ ಮಾಡಿದ್ದೆ. ಒಂದು ಪಾರ್ಟಿ 38 ಕೇಳಿದ ದಿನ ಕೋಡನ್ನೇ ತಿದ್ದಬೇಕಾಯಿತು! ಸರಿಯಾದ ದಾರಿ ಅತ್ತಿಗೆಯ ಪುಸ್ತಕದಲ್ಲೇ ಇತ್ತು. ಲಾಟಿಗೆ ಒಂದು ಮಾಡೆಲ್, ಸೈಜಿನ ಸಾಲಿಗೆ ಇನ್ನೊಂದು. ಸೈಜಿನ ಸಾಲನ್ನು ಫಾರಿನ್ ಕೀ (ಸಾಲು ಯಾವ ಲಾಟಿನದು ಅಂತ ಹೇಳುವ ಕೊಂಡಿ) ಹಾಕಿ ಲಾಟಿಗೆ ಕಟ್ಟಬೇಕು. ಆಗ ಯಾವ ಸೈಜ್ ಬಂದರೂ ಒಂದು ಸಾಲು ಜಾಸ್ತಿ, ಅಷ್ಟೇ.

ರೇಟಿನಲ್ಲೂ ಎಡವಿದ್ದೆ. ಅದನ್ನು ಅಕ್ಷರ ಇಡುವ ಕ್ಯಾರ್‌ಫೀಲ್ಡ್‌ನಲ್ಲಿ ಇಟ್ಟಿದ್ದೆ. ಕಡಿಮೆ ರೇಟಿನಿಂದ ಜೋಡಿಸು ಅಂದರೆ 1050 ಮೊದಲು, 650 ಆಮೇಲೆ ಬಂತು. ಅಕ್ಷರ ಅಂತ ಓದಿದರೆ 1 ಮೊದಲು, 6 ಆಮೇಲೆ ಅಲ್ವಾ? ದುಡ್ಡಿಗೆ ಯಾವಾಗಲೂ ಸಂಖ್ಯೆ ಇಡುವ ಡೆಸಿಮಲ್‌ಫೀಲ್ಡ್ ಹಾಕಿ. ಮಾಡೆಲ್ ಬದಲಿಸಿದಾಗಲೆಲ್ಲ ಮೇಕ್‌ಮೈಗ್ರೇಶನ್ಸ್ (ಬದಲಾವಣೆ ಬರೆದಿಡಲು), ಮೈಗ್ರೇಟ್ (ಅದನ್ನು ಡೇಟಾಬೇಸಿಗೆ ಹಾಕಲು) ಎರಡೂ ಕೊಡಬೇಕು. ಒಂದು ಮರೆತರೂ ಎರರ್ ಬರುತ್ತದೆ, ಹೆದರಬೇಡಿ.

ಅಡ್ಮಿನ್ ಪುಟಕ್ಕೆ ಹೋಗಲು ಕ್ರಿಯೇಟ್‌ಸೂಪರ್‌ಯೂಸರ್ ಕೊಟ್ಟು ಪಾಸ್‌ವರ್ಡ್ ಇಟ್ಟುಕೊಂಡು, ಲಾಟ್ ಮಾಡೆಲನ್ನು ಅಡ್ಮಿನ್ ಫೈಲಿನಲ್ಲಿ ರಿಜಿಸ್ಟರ್ ಮಾಡಿ. ಸೈಜಿನ ಮಾಡೆಲನ್ನು ಟ್ಯಾಬ್ಯುಲರ್ ಇನ್‌ಲೈನ್ ಮಾಡಿದರೆ ಲಾಟಿನ ಕೆಳಗೇ ಸಾಲುಗಳು ಕೂರುತ್ತವೆ, ಥೇಟ್ ಪುಸ್ತಕದ ಪುಟದ ಹಾಗೆ. ಪಟ್ಟಿಯಲ್ಲಿ ‘ಲಾಟ್ ಆಬ್ಜೆಕ್ಟ್ (1)’ ಅಂತ ಕಂಡರೆ ಯಾರಿಗೂ ತಿಳಿಯುವುದಿಲ್ಲ. ಮಾಡೆಲಿನಲ್ಲಿ ಎಸ್‌ಟಿಆರ್ ಫಂಕ್ಷನ್ (__str__) ಬರೆದು ಲಾಟ್ ನಂಬರ್ ಕಾಣುವಂತೆ ಮಾಡಿ. ವರ್ಬೋಸ್ ನೇಮ್‌ನಲ್ಲಿ (ಪುಟದಲ್ಲಿ ಕಾಣುವ ಹೆಸರು) ‘ಪೀಸ್ ಎಷ್ಟು’ ಅಂತ ಕನ್ನಡದಲ್ಲೇ ಬರೆಯಿರಿ. ಸೆಟ್ಟಿಂಗ್ಸಿನಲ್ಲಿ ಭಾಷೆಗೆ ಕನ್ನಡದ ಕೋಡ್ ಆದ ಕೆಎನ್ ಕೊಟ್ಟರೆ ಅಡ್ಮಿನ್ ಪುಟದ ಹಲವು ಮಾತುಗಳು ಕನ್ನಡಕ್ಕೆ ತಿರುಗುತ್ತವೆ. ಕೆಲವು ಇಂಗ್ಲಿಷಿನಲ್ಲೇ ಉಳಿಯುತ್ತವೆ, ಅಷ್ಟಿದ್ದರೂ ಸಾಕು. ಟೈಮ್ ಝೋನ್ ಏಷ್ಯಾ/ಕೋಲ್ಕತಾ ಮಾಡುವುದನ್ನು ಮರೆಯಬೇಡಿ. ಇಲ್ಲದಿದ್ದರೆ ರಾತ್ರಿ 11ಕ್ಕೆ ತುಂಬಿಸಿದ್ದು ಸಂಜೆ 5:30 ಅಂತ ತೋರಿಸುತ್ತದೆ.

ಕನ್ನಡದಲ್ಲಿ ಮಾಡುವವರಿಗೆ ಇನ್ನೊಂದು ಮಾತು. ಪುಟದ ವಿಳಾಸವನ್ನು ಕನ್ನಡ ಹೆಸರಿನಿಂದ ಮಾಡಲು ಹೋಗಬೇಡಿ. ಹೆಸರಿನಿಂದ ವಿಳಾಸ ಮಾಡುವ ಸ್ಲಗಿಫೈ ಫಂಕ್ಷನ್ನಿಗೆ ಯೂನಿಕೋಡ್ (ಕನ್ನಡದಂಥ ಅಕ್ಷರ) ಇರಲಿ ಅಂತ ಹೇಳಿದರೂ ಅದು ಗುಣಿತದ ಗುರುತುಗಳನ್ನು ಕಿತ್ತು ಹಾಕುತ್ತದೆ. ‘ನೀಲಿ’ ಹೋಗಿ ‘ನಲ’ ಆಗುತ್ತದೆ. ಸುಮ್ನೆ ಲಾಟ್ ನಂಬರನ್ನೇ ವಿಳಾಸಕ್ಕೆ ಹಾಕಿ.

ಹೊರಗಿನವರು ನೋಡುವ ಪುಟಕ್ಕೆ ಒಂದು ಲಿಸ್ಟ್‌ವ್ಯೂ (ಪಟ್ಟಿ ತರುವ ಕೋಡ್), ಒಂದು ಯುಆರ್‌ಎಲ್ ಸಾಲು (ಪುಟದ ವಿಳಾಸ), ಒಂದು ಟೆಂಪ್ಲೇಟ್ (ಪುಟದ ವಿನ್ಯಾಸ) ಇದ್ದರೆ ಸಾಕು. ಬಣ್ಣ, ಅಲಂಕಾರ ಎಲ್ಲಾ ನಿಧಾನಕ್ಕೆ ಮಾಡಿ. ಫೋಟೋ ಬೇಕಿದ್ದರೆ ಪಿಲ್ಲೋ ಅನ್ನುವ ಪ್ಯಾಕೇಜ್ ಇಳಿಸಿಕೊಳ್ಳಬೇಕು.

ಸರ್ವರಿಗೆ ಏರಿಸುವ ಮುಂಚೆ ತಪ್ಪಿನ ವಿವರ ತೋರಿಸುವ ಡಿಬಗ್ ಅನ್ನು ಫಾಲ್ಸ್ ಮಾಡಿ, ಅಲೌಡ್ ಹೋಸ್ಟ್ಸ್‌ನಲ್ಲಿ ನಿಮ್ಮ ಡೊಮೇನ್ ಬರೆಯಿರಿ. ಸೀಕ್ರೆಟ್ ಕೀಯನ್ನು ಯಾರಿಗೂ ಕೊಡಬೇಡಿ. ಡೊಮೇನ್ ನಿಮ್ಮ ಹೆಸರಲ್ಲೇ, ನಿಮ್ಮ ಇಮೇಲಿನಲ್ಲೇ ಕೊಳ್ಳಿ. ಇದನ್ನು ನಾನು ಕೈ ಮುಗಿದು ಹೇಳುತ್ತೇನೆ. ನಮ್ಮಷ್ಟು ಸಣ್ಣ ಕೆಲಸಕ್ಕೆ ಎಸ್‌ಕ್ಯೂಲೈಟ್ ಡೇಟಾಬೇಸ್ ಸಾಕು. ಡೇಟಾ ಎಲ್ಲಾ ಒಂದೇ ಫೈಲಿನಲ್ಲಿ ಇರುತ್ತದೆ. ದಿನಾ ರಾತ್ರಿ ಯೂನಿಟ್ ಮುಚ್ಚುವಾಗ ಅದರ ಕಾಪಿ ತೆಗೆದಿಡುತ್ತೇನೆ.

ಮೊನ್ನೆ ವಾಶಿಂಗಿನಿಂದ ಒಂದು ಲಾಟ್ ಬಂತು. 34 ಸೈಜಿನಲ್ಲಿ ಎರಡು ಪೀಸಿಗೆ ಕಲೆ. ಅತ್ತಿಗೆ ಬಂಡಲ್ ಪಕ್ಕದಲ್ಲೇ ನಿಂತು, ಫೋನ್ ತೆಗೆದು, 40 ಇದ್ದದ್ದನ್ನು 38 ಮಾಡಿದರು. ನನ್ನನ್ನು ಕರೆಯಲೂ ಇಲ್ಲ.